ನಲವತ್ತನೇ ದಿನಕ್ಕೆ ಒಂದು ಕಂಪ್ಯೂಟರು

ಮಗನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಪ್ರೊಫೀರಾ ಮನೆಯ ಕನ್ನಡಿಗಳಿಗೆ ಹೊದಿಸಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದರು. ಬಾಗಿಲ ಬಳಿಯ ಉದ್ದ ಕನ್ನಡಿ, ಬಚ್ಚಲುಮನೆಯದು, ಬೀರುವಿನದು. ಹೆಣ ಮನೆಯಲ್ಲಿರುವಷ್ಟು ದಿನ ಮುಖ ಕಾಣಿಸುವ ಯಾವುದೂ ತೆರೆದಿರಬಾರದು. ಟಿ.ವಿ.ಯ ಮೇಲಿನ ಮೇಜುಬಟ್ಟೆಯನ್ನೂ ಎಳೆದು ಮಡಿಸಿ ತೋಳಿನ ಮೇಲೆ ಹಾಕಿಕೊಂಡರು. ಕಿಟಕಿಯ ಮೂಲೆಗೆ ಬಂದಾಗ ಕೈ ತಡೆಯಿತು. ಅಲ್ಲಿ ಮಗನ ಕಂಪ್ಯೂಟರಿತ್ತು. ಅದರ ಪರದೆಗೂ ಅವರೇ ದಿಂಬಿನ ಚೀಲ ತೊಡಿಸಿದ್ದರು.

“ಇದನ್ನೂ ತೆಗೀಲಾ?” ಎಂದು ಸೊಸೆಯನ್ನು ಕೇಳಿದರು.

ಸ್ಮರಾಂದಾ ಕೈಯಲ್ಲಿ ಬ್ರಷ್ಷು ಹಿಡಿದು ನಿಂತಿದ್ದಳು. ಹಲ್ಲುಜ್ಜಿದ್ದಾಯಿತೋ ಇಲ್ಲವೋ ಅವಳಿಗೆ ನೆನಪಿರಲಿಲ್ಲ.

“ತೆಗೀರಿ ಅಮ್ಮ. ಅದು ಆಫ್ ಆಗಿದೆ.”

ಅತ್ತೆ ಚೀಲ ತೆಗೆದರು. ಕಪ್ಪು ಪರದೆಯಲ್ಲಿ ಇಬ್ಬರ ಮುಖವೂ ಕಂಡಿತು. ಇಬ್ಬರೂ ಅಡಿಗೆಮನೆಗೆ ಹೋದರು.

ಅಲ್ಲಿ ಮಾವ ನೆಕುಲಾಯ್ ನಿನ್ನೆಯ ಊಟದಲ್ಲಿ ಉಳಿದಿದ್ದ ಕೋಸಿನೆಲೆಯ ಸುರುಳಿಗಳನ್ನು ಬಿಸಿ ಮಾಡದೆ ಹಾಗೇ ತಿನ್ನುತ್ತಿದ್ದರು. ಮೂವತ್ತು ವರ್ಷ ಗಲಾತ್ಸಿನ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಮುಖದ ಮೇಲೆ ನಾಲ್ಕು ದಿನದ ಗಡ್ಡ. ನಲವತ್ತು ದಿನ ಅದಕ್ಕೆ ಕತ್ತಿ ತಾಗಿಸುವಂತಿರಲಿಲ್ಲ. ನಾದಿನಿ ಕ್ರೀನಾ ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದಳು. ಎಂಟಕ್ಕೆ ಅವಳ ಔಷಧಿ ಅಂಗಡಿ ತೆರೆಯುತ್ತದೆ.

“ನಲವತ್ತಕ್ಕೆ ಕಂಪ್ಯೂಟರ್ ಕೊಡ್ತೀನಿ,” ಎಂದರು ಪ್ರೊಫೀರಾ, ಕಾಫಿಯ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಾ.

“ಯಾರಿಗೆ?” ಕ್ರೀನಾ ಕೇಳಿದಳು.

“ರೆಲುಗೆ. ಒಂದೇ ಬೆಂಚಲ್ಲಿ ಕೂತು ಓದಿದೋರು, ಒಂದೇ ವಯಸ್ಸು. ಅವಳಿ ಮಕ್ಕಳು ಹುಟ್ಟಿದ್ಮೇಲೆ ಪಾಪ ತನ್ನದನ್ನ ಮಾರ್ಕೊಂಡ.”

“ನಂಗೇ ಕೊಡಬಹುದಲ್ಲ?”

“ಮನೇಲೇ ಉಳಿದ್ರೆ ಅದು ದಾನ ಆಗತ್ತೇನೇ? ಹೊಸಿಲು ದಾಟ್ಬೇಕು.”

ಇದನ್ನು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ನಲವತ್ತು ದಿನ ಜೀವ ಇಲ್ಲೇ ಸುಳಿದಾಡುತ್ತದೆ. ಆಮೇಲೆ ಹೊರಡುತ್ತದೆ. ಅದರ ಹೆಸರಿನಲ್ಲಿ ಇಲ್ಲಿ ಯಾರ ಕೈಗೆ ಏನು ಕೊಟ್ಟರೂ ಅದಕ್ಕೆ ಅಲ್ಲಿ ಸಲ್ಲುತ್ತದೆ. ಅಜ್ಜಿಗೆ ಮಂಚ, ಬಕೆಟ್ಟು, ಕೊಡೆ ಕೊಟ್ಟಿದ್ದರು. ಅಜ್ಜನಿಗೆ ಊರುಗೋಲು ಮತ್ತು ರೇಡಿಯೋ.

“ಅಲ್ಲಿ ಕರೆಂಟ್ ಇದ್ಯಾ?” ಎಂದರು ನೆಕುಲಾಯ್.

“ನಿನ್ನಪ್ಪನಿಗೆ ರೇಡಿಯೋ ಕೊಟ್ಟಾಗ್ಲೂ ಹೀಗೇ ಆಡ್ಕೊಂಡೆ. ಹಳೇ ಬ್ಯಾಟರೀಲೇ ಕೊಟ್ಟುಬಿಟ್ವಿ. ಒಂದು ವಾರ ಆಗಿರಲಿಲ್ಲ, ಕನಸಲ್ಲಿ ಬಂದು ಮಂಚದ ತುದೀಲಿ ಕೂತ್ರು. ‘ಪ್ರೊಫೀರಾ, ಇದು ಮಾತಾಡಲ್ವಲ್ಲಮ್ಮ’ ಅಂದ್ರು. ಬೆಳಗಾಗ್ತಿದ್ದ ಹಾಗೆ ಬ್ಯಾಟರಿ ಹಿಡ್ಕೊಂಡು ರೇಡಿಯೋ ಈಸ್ಕೊಂಡೋರ ಮನೆಗೆ ಓಡಿದೋಳು ನಾನು.”

“ನನ್ನ ಕನಸಲ್ಲಿ ಒಂದಿನಾನೂ ಬರಲಿಲ್ಲ.”

“ಬಂದಿರ್ತಾರೆ. ನಿನ್ನ ಗೊರಕೆ ಕೇಳಿ ಬಾಗಿಲಿಂದ್ಲೇ ವಾಪಸ್ ಹೋಗಿರ್ತಾರೆ.”

ಕ್ರೀನಾ ನಕ್ಕಳು. ನಕ್ಕಿದ್ದಕ್ಕೆ ಹೆದರಿ ಅತ್ತಿಗೆಯ ಕಡೆ ನೋಡಿದಳು. ಸ್ಮರಾಂದಾ ಬ್ರೆಡ್ಡು ಕೊಯ್ಯುತ್ತಿದ್ದಳು. ಅಭ್ಯಾಸದ ಮೇಲೆ ಐದು ಹೋಳು ಕೊಯ್ದಿದ್ದಳು.

ಪ್ರೊಫೀರಾರ ದನಿ ಈಗ ಬದಲಾಗಿತ್ತು. “ಇಡೀ ವರ್ಷ ಅವನು ಗೊಣಗಿದ್ದು ಕೇಳಿದೀನಿ. ಅಮ್ಮ, ಇದು ತಡೀತಿದೆ, ಅಮ್ಮ, ಇದು ತೊದಲ್ತಿದೆ ಅಂತ. ತೊದಲೋ ಮೆಷಿನ್ನ ನನ್ನ ಮಗನ ಕೈಗೆ ಕೊಟ್ಟು ಕಳಿಸ್ಲಾ? ಅದಕ್ಕೇನು ಬೇಕೋ ಅದನ್ನ ಹಾಕ್ಸಿ. ಮಣ್ಣಿನ ಖರ್ಚಿಗೆ ಅಂತ ಸರ್ಕಾರದಿಂದ ಬಂದ ದುಡ್ಡಲ್ಲಿ ಎಂಟುನೂರು ಲೇಯ್ ಎತ್ತಿಟ್ಟಿದೀನಿ. ಅದಕ್ಕಿಂತ ಜಾಸ್ತಿ ನನ್ನ ಹತ್ರ ಇಲ್ಲ. ಒಂದೇ ಒಂದು ಸಾಮಾನು ಬರತ್ತೆ ಅಂತೆ ಅಷ್ಟಕ್ಕೆ. ಯಾವುದು ಅಂತ ಯೋಚ್ನೆ ಮಾಡಿ ಹೇಳಮ್ಮ. ನಿಂಗೇ ಗೊತ್ತಿರೋದು.”

ಸ್ಮರಾಂದಾ ಯಾಶಿಯ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಿದವಳು. ನಗರದ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಸಂಖ್ಯೆ ಹಾಕುವ ಕೆಲಸ ಅವಳದು. ಸತ್ತವರಿಗೆ ಬ್ಯಾಟರಿ ಬೇಕಾಗುತ್ತದೆಂದು ಅವಳು ನಂಬಿದವಳಲ್ಲ. ಆ ಮೂಲೆ ಖಾಲಿಯಾಗುವುದೂ ಅವಳಿಗೆ ಬೇಡವಾಗಿತ್ತು. ಆದರೂ “ನೋಡ್ತೀನಿ ಅಮ್ಮ” ಎಂದಳು. ಐದನೆಯ ಹೋಳನ್ನು ಮಾವನ ತಟ್ಟೆಗೆ ಹಾಕಿದಳು.

*

ಇಪ್ಪತ್ತು ವರ್ಷದ ಹಿಂದೆ, ಮನೆಮನೆಗೆ ಇಂಟರ್‌ನೆಟ್ಟು ಬರುವ ಮೊದಲು, ಆ ಬಡಾವಣೆಯ ಹುಡುಗರು ತಾವೇ ಕೇಬಲ್ಲು ಕೊಂಡು ಕಟ್ಟಡದ ತಾರಸಿಯಿಂದ ತಾರಸಿಗೆ ಎಳೆದಿದ್ದರು. ಪಾಪ್ಲರ್ ಮರಗಳ ತುದಿಗಳ ನಡುವೆ ತಂತಿ ತೂಗುತ್ತಿತ್ತು. ನಲವತ್ತು ಮನೆ, ಒಂದೇ ಜಾಲ. ಸಂಜೆಯಾದರೆ ಒಬ್ಬರನ್ನೊಬ್ಬರು ಆಟದಲ್ಲಿ ಕೊಂದುಕೊಂಡು, ಆಮೇಲೆ ಬಾಲ್ಕನಿಗೆ ಬಂದು ಬೈದುಕೊಳ್ಳುತ್ತಿದ್ದರು. ಸ್ಮರಾಂದಾಳ ತಮ್ಮನಿಗೂ ಸಂಪರ್ಕ ಬೇಕಾಗಿತ್ತು. ಒಂದು ಭಾನುವಾರ ಅವಳು ಮೂರನೇ ಮಹಡಿಯ ಕಿಟಕಿಯಿಂದ ಕೈ ಚಾಚಿ ನಿಂತಿದ್ದಳು. ತಾರಸಿಯ ಅಂಚಿನಿಂದ ಒಬ್ಬ ಕೇಬಲ್ಲು ಇಳಿಬಿಡುತ್ತಿದ್ದ. ಗಾಳಿಗೆ ಹಾರದಿರಲೆಂದು ಅದರ ತುದಿಗೆ ಆಲೂಗಡ್ಡೆ ಕಟ್ಟಿದ್ದ.

“ಸಿಕ್ತಾ?” ಎಂದು ಮೇಲಿನಿಂದ ಕೇಳಿದ.

“ಸಿಕ್ತು.”

“ಕೇಬಲ್ಲು ಒಳಗೆಳ್ಕೋ. ಆಲೂಗಡ್ಡೆ ನಿಂದೇ.”

ಅವನೇ ಕೊಸ್ಮಿನ್. ಮದುವೆಯಾದ ಮೇಲೆ ಲಿಫ್ಟು ರಿಪೇರಿ ಮಾಡುವ ಕೆಲಸಕ್ಕೆ ಸೇರಿದ. ಆಡುವುದನ್ನು ಬಿಡಲಿಲ್ಲ. ಆದರೆ ಆಡಿದ್ದಕ್ಕಿಂತ ಹೆಚ್ಚು ಹೊತ್ತು ಅವನು ಕಳೆದದ್ದು ಮುಂದೆ ಯಾವ ಭಾಗ ಬದಲಿಸಬೇಕೆಂಬ ಚರ್ಚೆಯಲ್ಲಿ. ಪೂರ್ತಿ ಹೊಸ ಕಂಪ್ಯೂಟರನ್ನು ಅವರು ಯಾವತ್ತೂ ಕೊಂಡವರಲ್ಲ. ಒಂದೊಂದು ವರ್ಷ ಒಂದೊಂದು ಭಾಗ ಬಂತು. ಪೆಟ್ಟಿಗೆ ಮದುವೆಯ ವರ್ಷದ್ದು. ಮದರ್‌ಬೋರ್ಡು ಸ್ಮರಾಂದಾಗೆ ಗ್ರಂಥಾಲಯದಲ್ಲಿ ಕೆಲಸ ಖಾಯಮಾದ ವರ್ಷದ್ದು. ಮೆಮೊರಿ, ತೊಟ್ಟಿಲಿಗೆಂದು ಎತ್ತಿಟ್ಟ ಹಣ ಬೇಡವಾದ ವರ್ಷದ್ದು. ಅದನ್ನು ತಂದ ದಿನ ಕೊಸ್ಮಿನ್ ಪೆಟ್ಟಿಗೆಯ ಮುಚ್ಚಳ ಹಾಕಿ, ಆಟ ಹಚ್ಚದೆ ಅವಳ ಪಕ್ಕದಲ್ಲಿ ಬಂದು ಕೂತಿದ್ದ.

ಪ್ರತಿ ಚಳಿಗಾಲ, ಹೊಸ ವರ್ಷದ ಊಟ ಮುಗಿದ ಮೇಲೆ, ಚೌಕುಳಿ ಹಾಳೆಯ ಶಾಲಾ ನೋಟುಬುಕ್ಕು ತೆರೆದು ಅವನು ಮನೆಯವರೆಲ್ಲರನ್ನೂ ಕೇಳುತ್ತಿದ್ದ.

“ಸಾವಿರ ಲೇಯ್ ಇದೆ ಅಂತಿಟ್ಕೊಳ್ಳಿ. ಚಿತ್ರ ಬಿಡಿಸೋ ಕಾರ್ಡೋ, ಲೆಕ್ಕ ಮಾಡೋ ಪ್ರೊಸೆಸರ್ರೋ, ಮೆಮೊರೀನೋ?”

“ಕಾರ್ಡು,” ಕ್ರೀನಾ ಅನ್ನುತ್ತಿದ್ದಳು.

“ಚಳಿಕೋಟು,” ಪ್ರೊಫೀರಾ ಅನ್ನುತ್ತಿದ್ದರು.

“ಕಾರಿಗೆ ಟೈರು,” ನೆಕುಲಾಯ್ ಅನ್ನುತ್ತಿದ್ದರು.

“ನೀನು?” ಎಂದು ಕೊನೆಗೆ ಅವಳನ್ನು ಕೇಳುತ್ತಿದ್ದ. ಅವಳು ಅವನ ಮುಖ ನೋಡಿ ಅವನಿಗೆ ಯಾವುದು ಬೇಕಾಗಿದೆಯೋ ಅದನ್ನೇ ಹೇಳುತ್ತಿದ್ದಳು. ಅವನು ಗೆದ್ದವನಂತೆ ಬರೆದುಕೊಳ್ಳುತ್ತಿದ್ದ.

ಆ ನೋಟುಬುಕ್ಕು ಕೀಬೋರ್ಡಿನ ಕೆಳಗಿನ ಖಾನೆಯಲ್ಲೇ ಇತ್ತು.

*

ಅಕ್ಟೋಬರಿನ ಎರಡನೇ ಭಾನುವಾರ ಬಾಲ್ಕನಿಯಲ್ಲಿ ದಪ್ಪ ಮೆಣಸಿನಕಾಯಿ, ಬದನೆ ಸುಡುವ ಕೆಲಸ. ಸಾವಾದ ಮನೆಯೆಂದು ಚಳಿಗಾಲ ಬರುವುದನ್ನು ನಿಲ್ಲಿಸುವುದಿಲ್ಲ, ಸೀಸೆಗಳು ತುಂಬಬೇಕು. ನೆಕುಲಾಯ್ ತಗಡಿನ ಮೇಲೆ ಕಾಯಿ ತಿರುವುತ್ತಿದ್ದರು. ಪ್ರೊಫೀರಾ ಮತ್ತು ಸ್ಮರಾಂದಾ ಬಿಸಿಬಿಸಿ ಸಿಪ್ಪೆ ಸುಲಿಯುತ್ತಿದ್ದರು. ಮಸಿಯಾದ ಕೈ ಬೇಡವೆಂದು ಕ್ರೀನಾ ನೋಟುಬುಕ್ಕು ಓದುವ ಕೆಲಸ ವಹಿಸಿಕೊಂಡಿದ್ದಳು.

“ಕೊನೇ ಹಾಳೇಲಿ ಮೂರೇ ಸಾಲಿದೆ,” ಎಂದಳು. “ಕಾರ್ಡು, ಪ್ರೊಸೆಸರು, ಮೆಮೊರಿ. ಕಾರ್ಡನ್ನ ಗೀಟು ಹಾಕಿ ಹೊಡೆದಿದಾನೆ.”

“ಹೊಡೆದಿದ್ರೆ ಏನರ್ಥ?” ಪ್ರೊಫೀರಾ ಕೇಳಿದರು.

“ತಗೊಂಡಾಯ್ತು ಅಂತ. ನೋಡಿ ಅಮ್ಮ, ಹಿಂದಿನ ಹಾಳೆಗಳಲ್ಲೂ ಕೊಂಡಿದ್ದಕ್ಕೆಲ್ಲ ಗೀಟಿದೆ.”

“ಯಾವಾಗ ತಗೊಂಡ? ದುಡ್ಡೆಲ್ಲಿತ್ತು?”

“ನಂಗೆ ಹೇಳಲಿಲ್ಲ,” ಎಂದಳು ಸ್ಮರಾಂದಾ. “ಆದ್ರೆ ಬದಲಾಯಿಸಿದ್ದಂತೂ ನಿಜ. ಆಗಸ್ಟ್ ಕೊನೆಯಿಂದ ತಡೀತಿರಲಿಲ್ಲ.”

ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಒಂದು ಸಂಜೆ ಅವಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಕರೆದಿದ್ದ. “ಬಾ ಇಲ್ಲಿ, ಇದನ್ನ ನೋಡು. ಪ್ರತಿಯೊಂದು ಎಲೆಗೂ ಬೇರೆಬೇರೆ ನೆರಳು.” ಆಟದಲ್ಲಿ ಯಾರೋ ಅವನ ಮೇಲೆ ಗುಂಡು ಹಾರಿಸುತ್ತಿದ್ದರು. ಅವನು ಕಾಡಿನಲ್ಲಿ ನಿಂತು ಎಲೆ ನೋಡುತ್ತಿದ್ದ. ಆ ಒಂದು ತಿಂಗಳು ಅವನು ಗೊಣಗಲಿಲ್ಲ, ಊಟಕ್ಕೆ ಕರೆದರೆ ಮೊದಲನೇ ಸಲಕ್ಕೇ ಎದ್ದುಬಂದ.

“ಹಾಗಾದ್ರೆ ಉಳಿದಿದ್ದು ಎರಡು,” ಎಂದರು ಪ್ರೊಫೀರಾ. “ಇದ್ರಲ್ಲಿ ಎದೆ ಯಾವುದು?”

ಕೊಸ್ಮಿನ್ ಹೋದದ್ದು ಎದೆ ನಿಂತು. ಮೂವತ್ತೆಂಟು ವರ್ಷ, ಯಾರದೋ ಕಟ್ಟಡದ ಮೆಟ್ಟಿಲ ಮೇಲೆ, ಕೈಯಲ್ಲಿ ಪಾನಾ ಹಿಡಿದಂತೆಯೇ.

“ಪ್ರೊಸೆಸರ್ ಅಮ್ಮ,” ಎಂದಳು ಸ್ಮರಾಂದಾ.

“ಅದನ್ನೇ ಹಾಕ್ಸು. ಗಟ್ಟಿದು.”

“ಟೈರು,” ಎಂದರು ನೆಕುಲಾಯ್ ಮೆಲ್ಲಗೆ, ಕಾಯಿಯನ್ನು ತಿರುವುತ್ತಾ. ಪ್ರೊಫೀರಾ ಸುಲಿದ ಸಿಪ್ಪೆಯನ್ನು ಅವರ ಬೆನ್ನಿಗೆ ಎಸೆದರು.

ಮುಂದಿನ ಶನಿವಾರ ಸ್ಮರಾಂದಾ ಕ್ರೀನಾಳನ್ನು ಕರೆದುಕೊಂಡು ಮಾರುಕಟ್ಟೆಯ ಹಿಂದಿನ ಹಳೇ ಸಾಮಾನಿನ ಸಾಲಿಗೆ ಹೋದಳು. ಅಲ್ಲಿ ಒಬ್ಬ ಕಂಪ್ಯೂಟರಿನ ಬಿಡಿಭಾಗಗಳನ್ನು ಮೊಟ್ಟೆ ಇಡುವ ರಟ್ಟಿನ ತಟ್ಟೆಗಳಲ್ಲಿ ಜೋಡಿಸಿಟ್ಟಿದ್ದ.

“ಈ ಮದರ್‌ಬೋರ್ಡಿಗೆ ಹೊಂದೋದ್ರಲ್ಲಿ ಒಳ್ಳೇದು ಯಾವುದಿದೆ?” ಕ್ರೀನಾ ಚೀಟಿ ತೋರಿಸಿದಳು.

“ಎರಡಿದೆ. ಇದು ಸ್ವಲ್ಪ ಜೋರು. ಇನ್ನೊಂದು ಅಷ್ಟು ಜೋರಿಲ್ಲ, ಆದ್ರೆ ಕಾರ್ಡು ಕೆಟ್ರೂ ತಾನೇ ಪರದೆ ತೋರ್ಸತ್ತೆ. ಯಾರಿಗೆ?”

“ನನ್ನ ಗಂಡನಿಗೆ,” ಎಂದಳು ಸ್ಮರಾಂದಾ.

ಅವನು ಅವಳ ಕಪ್ಪು ಬಟ್ಟೆ ನೋಡಿದ. ತಲೆಗೆ ಕಟ್ಟಿದ ಕಪ್ಪು ಚೌಕ ನೋಡಿದ. ಇಂಥ ಗಿರಾಕಿ ಹಿಂದೆಯೂ ಬಂದಿದ್ದರೋ ಏನೋ, ಮುಂದೆ ಏನೂ ಕೇಳಲಿಲ್ಲ.

“ಕೈಕೊಡದೆ ಇರೋದು ಕೊಡಿ,” ಎಂದಳು ಸ್ಮರಾಂದಾ.

ಎರಡನೆಯದನ್ನು ಕೊಟ್ಟ. ಉಳಿದ ಹಣಕ್ಕೆ ಸದ್ದು ಮಾಡದ ಹೊಸ ಫ್ಯಾನೊಂದನ್ನು ಕೊಂಡರು. ಕೈಯಲ್ಲಿ ಟ್ರಾಮಿಗಾಗುವಷ್ಟು ಚಿಲ್ಲರೆ ಉಳಿಯಿತು. ಮಾರಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲವೆಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದಿತ್ತು.

*

ಪೆಟ್ಟಿಗೆಯನ್ನು ಅಡಿಗೆಮನೆಯ ಮೇಜಿನ ಮೇಲೆ ತೆರೆದರು. ಅತ್ತೆ ಮಾವ ಇಬ್ಬರೂ ಸಮಾಧಿಯ ಬಳಿ ದೀಪವಿಡಲು ಹೋಗಿದ್ದರು. ಕ್ರೀನಾ ಬಣ್ಣದ ಕುಂಚದಿಂದ ಧೂಳು ಗುಡಿಸಿದಳು. ಪ್ರೊಸೆಸರು ಬದಲಿಸಬೇಕಾದರೆ ಮೊದಲು ಕಾರ್ಡು ಹೊರಬರಬೇಕು. ಸ್ಮರಾಂದಾ ಸ್ಕ್ರೂ ಬಿಚ್ಚಿ, ಕೊಸ್ಮಿನ್ ತೋರಿಸಿಕೊಟ್ಟಿದ್ದಂತೆ ಕೊಂಡಿ ಒತ್ತಿ ಅದನ್ನು ಎತ್ತಿದಳು. ಭಾರವಾಗಿತ್ತು. ಬೆನ್ನಿನ ಮೇಲೆ ಬಿಳಿ ಅಂಟುಪಟ್ಟಿ, ಅದರ ಮೇಲೆ ಅಚ್ಚಿನಲ್ಲಿ ಹೊಡೆದಂತಹ ನೇರ ಅಕ್ಷರ: ಹರಲಂಬಿಯೆ ಉರ್ಸಾಕೆ.

“ಇದ್ಯಾರು?” ಎಂದಳು ಕ್ರೀನಾ.

“ಮೇಷ್ಟ್ರು. ನಿಮ್ಮಣ್ಣನ ಶಾಲೇಲಿ ನಕ್ಷೆ ಬರೆಯೋದು ಕಲಿಸ್ತಿದ್ರು. ವಿಮಾನ ಹಾರಿಸೋ ಆಟ ಆಡ್ತಾರೆ. ಇವರು ಹೋಗಿ ಅವರ ಕಂಪ್ಯೂಟರ್ ಸರಿ ಮಾಡ್ಕೊಡ್ತಿದ್ರು.”

ನೋಟುಬುಕ್ಕಿನ ಹಿಂದಿನ ರಟ್ಟಿನ ಒಳಮೈಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲಿತ್ತು. ಆವತ್ತು ಬಾಲ್ಕನಿಯಲ್ಲಿ ಯಾರೂ ಅಲ್ಲಿಯವರೆಗೆ ತಿರುವಿರಲಿಲ್ಲ. ‘ಮೇಷ್ಟ್ರ ಕಾರ್ಡು. ಎರಡೂ ಕಣ್ಣಿನ ಆಪರೇಷನ್ ಆಗುವವರೆಗೆ. ಅಕ್ಟೋಬರ್ ಹದಿನೈದಕ್ಕೆ ವಾಪಸ್.’ ಅವನ ಸ್ವಂತ ಕಾರ್ಡು ಕೀಬೋರ್ಡಿನ ಕೆಳಗಿನ ಖಾನೆಯ ಹಿಂಭಾಗದಲ್ಲಿ ಕಾಲುಚೀಲದೊಳಗೆ ಸಿಕ್ಕಿತು. ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ.

ಕ್ರೀನಾ ಕುರ್ಚಿಯ ಮೇಲೆ ಕುಸಿದಳು. “ಹದಿನೈದು ಹೋಗಿ ನಾಲ್ಕು ದಿನ ಆಯ್ತಲ್ಲ. ದುಡ್ಡೂ ಮುಗೀತು.”

“ಹೌದು.”

“ಅತ್ತಿಗೆ, ಆ ಮೇಷ್ಟ್ರು ಕೇಳಿದ್ರಾ?”

“ಇಲ್ಲ.”

“ಸಾವಿನ ಮನೆಗೆ ಬಂದು ಯಾರು ಕೇಳ್ತಾರೆ? ಯಾವತ್ತೂ ಕೇಳಲ್ಲ. ಪಟ್ಟಿ ಕಿತ್ತು ಹಾಕಿ, ಇದನ್ನ ಹಾಗೇ ಕೂರಿಸಿಬಿಡೋಣ. ಅಮ್ಮನಿಗೆ ಸಮಾಧಾನ, ರೆಲುಗೂ ಖುಷಿ. ಆಮೇಲೆ ದುಡ್ಡು ಕೂಡಿಸಿ ಮೇಷ್ಟ್ರಿಗೆ ಕೊಟ್ರಾಯ್ತು.”

ಸ್ಮರಾಂದಾ ಕಾರ್ಡನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ಕ್ರೀನಾ ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಪಟ್ಟಿಯ ತುದಿ ಆಗಲೇ ಅರ್ಧ ಎದ್ದಿತ್ತು. ಅವಳು ಹೆಬ್ಬೆರಳಿನಿಂದ ಅದನ್ನು ಮತ್ತೆ ಒತ್ತಿ ಅಂಟಿಸಿದಳು.

*

ಸಂಜೆ ಹುರುಳಿಕಾಯಿ ಬೀಜದ ಹುಳಿಸಾರು, ಮೆಕ್ಕೆಜೋಳದ ಮುದ್ದೆ. ಎಲ್ಲರಿಗೂ ಬಡಿಸಿದ ಮೇಲೆ ಸ್ಮರಾಂದಾ ಕಾರ್ಡಿನ ಸಂಗತಿ ಹೇಳಿದಳು. ಪ್ರೊಫೀರಾ ಚಮಚ ಕೆಳಗಿಟ್ಟರು.

“ಎರವಲು ತಂದಿದ್ದಾ?”

“ಹೌದಮ್ಮ.”

“ಮತ್ತೆ ಗೀಟು ಅಂದ್ರೆ ಕೊಂಡಿದ್ದು ಅಂದ್ರಲ್ಲ ಇಬ್ರೂ.”

“ನಮಗೂ ಹಾಗೇ ಅನ್ನಿಸ್ತು. ಎರವಲು ಸಿಕ್ಕಿದ್ರಿಂದ ಸದ್ಯಕ್ಕೆ ಬೇಕಾಗಿಲ್ಲ ಅಂತ ಹೊಡೆದಿದಾರೆ.”

“ಓದಿದೋಳು ನೀನು. ದಿನಾ ಪುಸ್ತಕ ಜೋಡಿಸ್ತೀಯ. ಗಂಡನ ಒಂದು ನೋಟ್‌ಬುಕ್ ಓದಕ್ಕಾಗ್ಲಿಲ್ವಾ?”

“ಆಗ್ಲಿಲ್ಲ,” ಎಂದಳು ಸ್ಮರಾಂದಾ.

“ಏ, ಸಾರು ಆರತ್ತೆ,” ಎಂದರು ನೆಕುಲಾಯ್.

“ಆರ್ಲಿ. ಇನ್ನೊಬ್ರ ಸಾಮಾನು ದಾನ ಮಾಡಿದ್ರೆ ಅದು ನನ್ನ ಮಗನಿಗೆ ಹೋಗಲ್ಲ, ಆ ಮೇಷ್ಟ್ರ ಕಡೆಯ ಸತ್ತೋರಿಗೆ ಹೋಗತ್ತೆ. ಯಾರೋ ಮುದುಕಿ ಅಲ್ಲಿ ಕೂತು ಆಟ ಆಡ್ತಿರ್ತಾಳೆ, ನನ್ನ ಮಗ ಪಕ್ಕದಲ್ಲಿ ನಿಂತು ನೋಡ್ಬೇಕು. ಅಷ್ಟೇ ಅಲ್ಲ. ಎರವಲು ಇಟ್ಕೊಂಡು ಹೋದೋನು ಅಂತ ಹೆಸರು ಬೇರೆ. ಎಂಟುನೂರು ಕೊಟ್ಟೆ. ಎಂಟುನೂರೂ ಮುಗಿಸಿಬಂದ್ರಿ.”

“ನಾನು ಸುಮ್ನಿರೋಣ ಅಂದೆ,” ಎಂದಳು ಕ್ರೀನಾ. “ಅತ್ತಿಗೆಗೇ ತಡೀಲಿಲ್ಲ.”

“ನೀನು ಬಾಯ್ಮುಚ್ಚು. ಸುಮ್ನಿದ್ದಿದ್ರೆ ಅವನು ನನ್ನ ಕನಸಿಗೆ ಬರ್ತಿರಲಿಲ್ವಾ? ಅವನ ಮುಖ ನಾನು ಹೇಗೆ ನೋಡ್ತಿದ್ದೆ?” ಪ್ರೊಫೀರಾ ಎದ್ದು ಸಿಂಕಿನ ಕಡೆ ತಿರುಗಿ ನಿಂತರು. ನೀರು ಬಿಟ್ಟರು, ಏನನ್ನೂ ತೊಳೆಯಲಿಲ್ಲ. “ಹೊಸ ಬಟ್ಟೆ, ಮಂಚ, ಕುರ್ಚಿ, ಎಲ್ಲಾ ಕೊಡಬಹುದು. ಅದನ್ನ ತಗೊಂಡು ಅವನೇನು ಮಾಡ್ತಾನೆ? ಅವನಿಗೆ ಇದೊಂದೇ ಇಷ್ಟ ಇದ್ದಿದ್ದು.”

ಊಟ ಅರ್ಧಕ್ಕೇ ನಿಂತಿತು. ಆಮೇಲೆ ಎರಡು ವಾರ ಆ ಮಾತು ಎದ್ದೆದ್ದು ಬಿತ್ತು. ಪ್ರೊಫೀರಾ ಚಳಿಗಾಲದ ಸೌದೆಗೆಂದು ತಂಗಿಗೆ ಕೊಡಬೇಕಿದ್ದ ಹಣ ಮುಟ್ಟೋಣವೆಂದರು. ನೆಕುಲಾಯ್ ಒಪ್ಪಲಿಲ್ಲ. ಸ್ಮರಾಂದಾ ಮುಂದಿನ ಸಂಬಳದಿಂದ ಕೊಡುತ್ತೇನೆಂದಳು. ಸಂಬಳ ಬರುವುದು ನಲವತ್ತು ಕಳೆದ ಮೇಲೆ. ಪ್ರೊಫೀರಾ ಅವಳೊಂದಿಗೆ ಉಪ್ಪು, ಸಕ್ಕರೆ, ಬೀಗದ ಕೈ, ಇಷ್ಟರ ಮಾತು ಮಾತ್ರ ಆಡುತ್ತಿದ್ದರು. ಪೆಟ್ಟಿಗೆ ಮುಚ್ಚಳವಿಲ್ಲದೆ ಅಡಿಗೆಮನೆಯ ಕಿಟಕಿಯ ಕೆಳಗೆ ಇತ್ತು. ನಾಲ್ವರೂ ಅದನ್ನು ಸುತ್ತಿಕೊಂಡು ಓಡಾಡುತ್ತಿದ್ದರು.

ನಲವತ್ತಕ್ಕೆ ಮೂರು ದಿನ ಉಳಿದಿತ್ತು. ಪ್ರೊಫೀರಾ ಆವತ್ತು ಹಂಚುವ ಸಿಹಿಗೆ ಗೋಧಿ ಆರಿಸುತ್ತಾ ಕೂತಿದ್ದರು. ನೆಕುಲಾಯ್ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಒಳಗೆ ಬಗ್ಗಿ ನೋಡಿದರು.

“ಈಗ ಇದ್ರೊಳಗೆ ಎಲ್ಲಾ ನಮ್ದೇನಾ?”

“ಎಲ್ಲಾ ನಮ್ದೇ,” ಎಂದಳು ಸ್ಮರಾಂದಾ. “ಹೊಸ ಪ್ರೊಸೆಸರು ಕೂರಿಸಿದೀನಿ. ಕಾರ್ಡು ಮಾತ್ರ ಇಲ್ಲ.”

“ಕಾರ್ಡಿಲ್ಲದೆ ಹತ್ತಲ್ವಾ?”

“ಹತ್ತತ್ತೆ. ಪರದೆ ತಾನೇ ತೋರ್ಸತ್ತೆ. ಆದ್ರೆ ಈಗಿನ ಆಟ ಓಡಲ್ಲ ಅಪ್ಪ.”

“ಈಗಿಂದು ಯಾರು ಕೇಳಿದ್ರು? ಆಗಿಂದು ಓಡತ್ತಾ? ತಂತಿ ಎಳೆದಿದ್ರಲ್ಲ, ಆ ಕಾಲದ್ದು?”

ಕ್ರೀನಾ ಮತ್ತು ಸ್ಮರಾಂದಾ ಒಬ್ಬರನ್ನೊಬ್ಬರು ನೋಡಿದರು. ಹಳೆಯ ಆಟಗಳನ್ನೆಲ್ಲ ಕೊಸ್ಮಿನ್ ಒಂದು ಕಡೆ ಎತ್ತಿಟ್ಟಿದ್ದ. ಯಾವುದನ್ನೂ ಎಸೆದವನಲ್ಲ. ಪರದೆಯನ್ನು ಅಡಿಗೆಮನೆಗೆ ತಂದು ಹಿಟ್ಟಿನ ಡಬ್ಬಗಳ ನಡುವೆ ನಿಲ್ಲಿಸಿದರು. ಕ್ರೀನಾ ಒಂದು ಆಟ ತೆರೆದಳು. ಮೂಲೆಮೂಲೆ ಎದ್ದ ಮರಗಳು, ರಟ್ಟಿನಲ್ಲಿ ಮಾಡಿದಂಥ ಮನೆಗಳು, ಎಲೆಗಳಿಗೆ ನೆರಳೇ ಇಲ್ಲ. ಒಂದು ಚೂರೂ ತಡೆಯದೆ ನೀರು ಹರಿದಂತೆ ಓಡಿತು. ಮೇಷ್ಟ್ರ ಕಾರ್ಡಿನಲ್ಲೂ ಇಷ್ಟು ಸಲೀಸಾಗಿ ಏನೂ ಓಡಿರಲಿಲ್ಲ.

ಬಾಗಿಲು ಒದ್ದು ತೆರೆವ ಸದ್ದು, ಎರಡು ಗುಂಡು, ಆಮೇಲೆ ಗಂಟೆ ಹೊಡೆದಂಥ ಒಂದು ಸ್ವರ.

ನೆಕುಲಾಯ್ ತಲೆ ಎತ್ತಿದರು. “ಇದು ನಂಗೆ ಗೊತ್ತು. ಎರಡನೇ ಪಾಳಿ ಮುಗಿಸಿ ಮೆಟ್ಟಿಲು ಹತ್ತುವಾಗ ಮೂರನೇ ಮಹಡೀಗೇ ಕೇಳೋದು. ಮಗ ಮನೇಲಿದಾನೆ ಅಂತ ಗೊತ್ತಾಗೋದು.”

ಪ್ರೊಫೀರಾ ಗೋಧಿಯ ಮೊರವನ್ನು ತೊಡೆಯ ಮೇಲೆ ಹಾಗೇ ಹಿಡಿದಿದ್ದರು. “ಇನ್ನೊಂದ್ಸಲ ಮಾಡು,” ಎಂದರು ಮಗಳಿಗೆ.

ಕ್ರೀನಾ ಮಾಡಿದಳು. ಬಾಗಿಲು, ಗುಂಡು, ಗಂಟೆ.

“ಊಟಕ್ಕೆ ಕರೆದ್ರೆ ಅವನ ಬದ್ಲು ಇದೇ ಉತ್ತರ ಬರೋದು. ಸಾರು ಮೂರು ಸಲ ಬಿಸಿ ಮಾಡ್ತಿದ್ದೆ.” ಅವರು ಮೂಗು ಒರೆಸಿಕೊಂಡರು. “ತಡೀತಿಲ್ವಲ್ಲ?”

“ಇಲ್ಲಮ್ಮ,” ಎಂದಳು ಸ್ಮರಾಂದಾ. “ಸ್ವಲ್ಪವೂ ತಡೀತಿಲ್ಲ.”

“ಇದ್ರಲ್ಲಿರೋದೆಲ್ಲ ಅವನದ್ದೇ ತಾನೇ?”

“ಪ್ರತಿಯೊಂದೂ.”

“ಹಾಗಾದ್ರೆ ಮುಚ್ಚಳ ಹಾಕಿ, ಒರೆಸಿಡಿ. ಶನಿವಾರ ಪಾದ್ರಿಗಳು ಬರೋ ಹೊತ್ತಿಗೆ ಮೇಲೊಂದು ಮೇಣದಬತ್ತಿ, ಒಂದು ರೊಟ್ಟಿ ಇಡ್ಬೇಕು.” ಮತ್ತೆ ಗೋಧಿಗೆ ಕೈ ಹಾಕಿ, ತಲೆ ಎತ್ತದೆಯೇ, “ನೀನು ಆ ಮೇಷ್ಟ್ರದ್ದನ್ನ ಅದಕ್ಕೆ ಮುಂಚೆ ಮುಟ್ಟಿಸಿ ಬಾರಮ್ಮ. ಅವನು ಹೊರಡೋ ಮೊದ್ಲು ಅದು ಮುಗೀಲಿ,” ಎಂದರು.

ಮಗನ ಆಟದ ಸದ್ದನ್ನು ಅವರು ಆವತ್ತು ಇನ್ನೂ ನಾಲ್ಕು ಸಲ ಕೇಳಿಸಿಕೊಂಡರು.

*

ಶುಕ್ರವಾರ ಮಧ್ಯಾಹ್ನ ಗ್ರಂಥಾಲಯದಿಂದ ಬೇಗ ಬಂದ ಸ್ಮರಾಂದಾ ಕಾರ್ಡನ್ನು ಒಯ್ಯಲು ಡಬ್ಬ ಹುಡುಕಿದಳು. ಸರಿಹೊಂದುವುದು ಸಿಗಲಿಲ್ಲ. ಪ್ರೊಫೀರಾ ನಾಳೆ ಹಂಚಲು ತಂದಿದ್ದ ಹೊಸ ಟವೆಲ್ಲುಗಳಲ್ಲಿ ಒಂದನ್ನು ಬಿಡಿಸಿ ಅದರಲ್ಲಿ ಸುತ್ತಿಕೊಟ್ಟರು.

“ಟವೆಲ್ ಬಿಟ್ಟುಬರ್ಬೇಡ. ಎಣಿಸಿ ತಂದಿರೋದು.”

ಮೇಷ್ಟ್ರ ಮನೆ ಟ್ರಾಮಿನ ಕೊನೆಯ ನಿಲ್ದಾಣದ ಹತ್ತಿರ. ಕಟ್ಟಡದ ಲಿಫ್ಟಿನ ಒಳಗಡೆ, ಗುಂಡಿಗಳ ಪಕ್ಕದಲ್ಲಿ ರಿಪೇರಿಯ ಚೀಟಿ ಅಂಟಿಸಿತ್ತು, ಕೊಸ್ಮಿನ್‌ನ ಸಹಿ ಸಮೇತ. ಅವಳು ಆರನೇ ಮಹಡಿಯವರೆಗೂ ಅದನ್ನೇ ನೋಡುತ್ತಾ ಹೋದಳು.

ಬಾಗಿಲು ತೆರೆದ ಹರಲಂಬಿಯೆ ಮೇಷ್ಟ್ರಿಗೆ ಎಪ್ಪತ್ತು ದಾಟಿತ್ತು. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಉಣ್ಣೆಯ ಚಪ್ಪಲಿ. ಮೊದಲು ಅವಳ ಕಪ್ಪು ಬಟ್ಟೆಯನ್ನು, ಆಮೇಲೆ ಟವೆಲ್ಲಿನ ಗಂಟನ್ನು ನೋಡಿದರು. ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡು, “ಬೊದಾಪ್ರೊಸ್ತೆ,” ಎಂದರು. ಸತ್ತವರ ಹೆಸರಿನ ದಾನ ಕೈಗೆ ಬಂದಾಗ ಯಾರೇ ಆದರೂ ಹೇಳುವ ಮಾತು ಅದು.

“ಅದನ್ನ ಹೇಳ್ಬೇಡಿ ಮೇಷ್ಟ್ರೇ,” ಎಂದಳು ಸ್ಮರಾಂದಾ. “ಇದು ದಾನ ಅಲ್ಲ. ನಿಮ್ದೇ.”

ಅವರು ಟವೆಲ್ಲಿನ ಒಂದು ಮೂಲೆ ಸರಿಸಿದರು. ಮತ್ತೆ ಮುಚ್ಚಿದರು.

“ಇದಕ್ಕೋಸ್ಕರ ಇಷ್ಟು ದೂರ ಬಂದ್ಯಾ ತಾಯಿ? ನಾನು ಕೇಳಿದ್ನಾ?”

“ನೀವು ಕೇಳಲಿಲ್ಲ.”

“ಇಗರ್ಜಿಗೆ ಬಂದಿದ್ದೆ. ಹಿಂದೆ, ಕಂಬದ ಹತ್ರ ನಿಂತಿದ್ದೆ, ಕಪ್ಪು ಕನ್ನಡಕ ಹಾಕ್ಕೊಂಡು. ನಿನ್ನ ಮಾತಾಡ್ಸೋಣ ಅಂತಾನೇ ಇದ್ದೆ. ಹತ್ರ ಬಂದ್ರೆ ಎಲ್ಲಿ ಇದನ್ನ ಕೇಳಕ್ಕೆ ಬಂದೆ ಅನ್ಕೋತೀಯೋ ಅಂತ ಹಾಗೇ ಹೊರಟುಬಿಟ್ಟೆ. ಇಟ್ಕೋ. ಆ ಹುಡುಗನ ಹೆಸರಲ್ಲಿ ನಾನೇ ಕೊಟ್ಟೆ ಅನ್ಕೋ.”

“ಬೇಡ. ಅವರು ತಾವೇ ವಾಪಸ್ ಕೊಡ್ತೀನಿ ಅಂತ ಬರೆದಿಟ್ಟಿದ್ರು.” ಗಂಟನ್ನು ಅವರ ಕಡೆಗೇ ತಳ್ಳಿ, “ಕಣ್ಣು ಹೇಗಿದೆ?” ಎಂದಳು.

“ಎರಡೂ ಆಯ್ತು. ಈಗ ಮನೆ ತುಂಬ ಜೇಡರ ಬಲೆ ಕಾಣ್ತಿದೆ. ಮೊದ್ಲೇ ಚೆನ್ನಾಗಿತ್ತು.”

“ವಿಮಾನ?”

“ಶೆಡ್ಡಲ್ಲಿದೆ. ಇದಿಲ್ದೆ ಹೇಗೆ ಹಾರತ್ತೆ?”

“ಹಾಗಾದ್ರೆ ತಗೊಳ್ಳಿ ಮತ್ತೆ.”

ಮೇಷ್ಟ್ರು ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಮೇಲೆ ಗಂಟನ್ನಿಟ್ಟು ಬಿಡಿಸಿದರು. ಕಾರ್ಡನ್ನು ಬೆಳಕಿಗೆ ಹಿಡಿದು, ತಮ್ಮ ಅಕ್ಷರವನ್ನು ತಾವೇ ಬೆರಳಲ್ಲಿ ಮುಟ್ಟಿದರು. ಟವೆಲ್ಲನ್ನು ಅಂಚಿಗೆ ಅಂಚು ಸೇರಿಸಿ, ನಕ್ಷೆಯ ಹಾಳೆ ಮಡಿಸುವ ಹಾಗೆ ಮಡಿಸಿ ಅವಳ ಕೈಗೆ ಕೊಟ್ಟರು.

“ಮತ್ತೆ ಏನಂತ ಹೇಳ್ಲಿ?” ಎಂದರು. “ಕೈ ಒಡ್ಡಿ ಈಸ್ಕೊಂಡ ಮೇಲೆ ಏನಾದ್ರೂ ಒಂದು ಮಾತು ಹೇಳ್ಬೇಕಲ್ಲ.”

ಈ ನಲವತ್ತು ದಿನ ಎಲ್ಲರೂ ಅವಳಿಗೆ ಏನೇನೋ ಹೇಳಿದ್ದರು. ಎಲ್ಲವೂ ಮೊದಲೇ ಇದ್ದ ಮಾತುಗಳು. ಅವಳೂ ಅಂಥವೇ ಮಾತಿನಲ್ಲಿ ಉತ್ತರ ಕೊಟ್ಟಿದ್ದಳು. ಇದಕ್ಕೆ ಅಂಥದ್ದು ಯಾವುದೂ ಇರಲಿಲ್ಲ.

“ಕೊಸ್ಮಿನ್ ವಾಪಸ್ ಕೊಟ್ಟ ಅನ್ನಿ.”

“ಕೊಸ್ಮಿನ್ ವಾಪಸ್ ಕೊಟ್ಟ,” ಎಂದರು ಮೇಷ್ಟ್ರು, ತರಗತಿಯಲ್ಲಿ ಹಾಜರಿ ಗುರುತು ಹಾಕಿಕೊಳ್ಳುವ ದನಿಯಲ್ಲಿ. ಆಮೇಲೆ, ಅದೇ ದನಿಯಲ್ಲಿ, “ಹೇಳಿದ ದಿನಕ್ಕಿಂತ ಸ್ವಲ್ಪ ತಡ.”

“ಹೌದು ಮೇಷ್ಟ್ರೇ,” ಎಂದಳು ಸ್ಮರಾಂದಾ. “ಸ್ವಲ್ಪ ತಡ ಆಯ್ತು.”